ದೇವಸ್ಥಾನಕ್ಕೆ ಹೊಸ ಫೋನ್ ಸಿಸ್ಟಂ: 911 ತುರ್ತು ಕರೆಯ ಕಾನೂನು ನಮಗೂ ಅನ್ವಯಿಸುತ್ತಾ?

ಇಲಿನಾಯ್ ಇಡ್ಲಿ:
ಎಲ್ಲರಿಗೂ ನಮಸ್ಕಾರ. ಶಿಕಾಗೋ ಹತ್ತಿರದ ಒಂದು ದೇವಸ್ಥಾನದ ಕಮಿಟಿಯಲ್ಲಿದ್ದೇನೆ. ಫೋನು, ವೈಫೈ, ಸಿಸಿಟಿವಿ ಏನೇ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಸಾಫ್ಟ್‌ವೇರ್‌ನವನಿಗೆ ಇದೆಲ್ಲ ಬಂದೇ ಬರುತ್ತದೆ ಅಂತ ನಮ್ಮವರ ನಂಬಿಕೆ!

ವಿಷಯ ಏನೆಂದರೆ, ನಮ್ಮ ಹಳೇ ಪಿಬಿಎಕ್ಸ್ (ಒಳಗಿನ ಫೋನುಗಳನ್ನೆಲ್ಲ ಹೊರಗಿನ ಲೈನಿಗೆ ಜೋಡಿಸುವ ಎಕ್ಸ್‌ಚೇಂಜ್ ಪೆಟ್ಟಿಗೆ) ಕೈಕೊಟ್ಟಿದೆ. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಾದ ಕಾಲದ್ದು. ಈಗ ಇಂಟರ್ನೆಟ್ ಮೇಲೆ ನಡೆಯುವ ಐಪಿ ಫೋನ್ ಹಾಕಿಸುತ್ತಿದ್ದೇವೆ. ಮೇಲಿನ ಮಹಡಿಯಲ್ಲಿ ಗರ್ಭಗುಡಿ ಮತ್ತು ಆಫೀಸು, ಕೆಳಗೆ ಬೇಸ್‌ಮೆಂಟಿನಲ್ಲಿ ಅಡುಗೆಮನೆ, ಊಟದ ಹಾಲು. ಪಕ್ಕದ ಕಟ್ಟಡದಲ್ಲಿ ಅರ್ಚಕರ ಮನೆಗಳು. ಎಲ್ಲ ಸೇರಿ 14 ಫೋನು, ವಿಳಾಸ ಮಾತ್ರ ಒಂದೇ. ಮುಖ್ಯ ಕಟ್ಟಡ ಸುಮಾರು 30,000 ಚದರಡಿ.

ವೆಂಡರ್ ಕೊಟೇಶನ್‌ನಲ್ಲಿ 911 ಲೊಕೇಶನ್ (ಕರೆ ಯಾವ ಜಾಗದಿಂದ ಬಂತು ಅಂತ 911ನವರಿಗೆ ತಿಳಿಸುವುದು) ಅಂತ ಬೇರೆ ಸಾಲು ಹಾಕಿ ತಿಂಗಳಿಗೆ ಇಷ್ಟು ಅಂತ ಕೇಳುತ್ತಿದ್ದಾನೆ. ಕಾನೂನು ಸರ್, ಬಿಡೋ ಹಾಗಿಲ್ಲ ಅನ್ನುತ್ತಾನೆ. ಟ್ರೆಶರರ್ ಒಪ್ಪುತ್ತಿಲ್ಲ. ಇಲಿನಾಯ್ ಕಾನೂನಿನಲ್ಲಿ 40,000 ಚದರಡಿ ಅಂತ ಏನೋ ಇದೆ, ನಾವು ಅದಕ್ಕಿಂತ ಚಿಕ್ಕವರು, ಮೇಲಾಗಿ ನಾವು ಲಾಭಕ್ಕೆ ನಡೆಸುವವರಲ್ಲ ಅಂತ ಅವರ ವಾದ. ಯಾರದು ಸರಿ? ಯಾರಾದರೂ ಇದನ್ನು ಮಾಡಿಸಿದ್ದರೆ ದಯವಿಟ್ಟು ಹೇಳಿ.

ದಾವಣಗೆರೆ ಬೆಣ್ಣೆ:
ದುಡ್ಡು ಹೊಡೆಯೋ ದಾರಿ ಅಷ್ಟೇ. ದೇವಸ್ಥಾನಕ್ಕೆ ಬರುವ ಪ್ರತಿಯೊಬ್ಬರ ಜೇಬಲ್ಲೂ ಮೊಬೈಲ್ ಇದೆ. ಲ್ಯಾಂಡ್‌ಲೈನಲ್ಲಿ 911 ಯಾರು ಒತ್ತುತ್ತಾರೆ ಸ್ವಾಮಿ ಈ ಕಾಲದಲ್ಲಿ?

ಹಳೇ ತಂತಿ:
ಬೆಣ್ಣೆಯವರಿಗೆ ಆಮೇಲೆ ಬರುತ್ತೇನೆ. ಮೊದಲು ಇಡ್ಲಿಯವರ ಪ್ರಶ್ನೆ. ನಾನು ಇದೇ ಕೆಲಸದಲ್ಲಿ ಇರುವವನು, ಆದರೆ ನಿಮ್ಮ ವೆಂಡರ್ ಅಲ್ಲ!

ನಿಮ್ಮ ಟ್ರೆಶರರ್ ಪೂರ್ತಿ ತಪ್ಪೇನಲ್ಲ. ಇಲಿನಾಯ್‌ನಲ್ಲಿ ವ್ಯಾಪಾರದ ಫೋನ್ ಸಿಸ್ಟಂಗಳಿಗೆ ಪ್ರತಿ 40,000 ಚದರಡಿಗೆ ಒಂದಾದರೂ ಪ್ರತ್ಯೇಕ ಜಾಗದ ಗುರುತು ಇರಬೇಕು ಅನ್ನುವ ನಿಯಮ ಬಹಳ ವರ್ಷದಿಂದ ಇದೆ. ಬರೀ ಆ ಲೆಕ್ಕ ಹಿಡಿದರೆ ನಿಮ್ಮ ಮುಖ್ಯ ಕಟ್ಟಡಕ್ಕೆ ಒಂದೇ ಗುರುತು ಸಾಕಾಗಬಹುದು. ಆದರೆ ಅವರು ಅರ್ಧ ಕಾನೂನು ಮಾತ್ರ ಓದಿದ್ದಾರೆ. ರಾಜ್ಯದ ಕಾನೂನಿನ ಮೇಲೆ ಎರಡು ಫೆಡರಲ್ ಕಾನೂನು ಕೂತಿವೆ.

ಒಂದು, ಕ್ಯಾರಿ ಕಾನೂನು. 2018ರ ಫೆಬ್ರವರಿ 16ರಂದು ಸಹಿ ಆಯಿತು. 2020ರ ಫೆಬ್ರವರಿ 16ರ ನಂತರ ಮಾರಿದ, ಹಾಕಿದ ಯಾವುದೇ ಮಲ್ಟಿ ಲೈನ್ ಸಿಸ್ಟಂನಲ್ಲಿ (ನಿಮ್ಮ ಹಾಗೆ ಹಲವು ಫೋನು ಸೇರಿದ ಸಿಸ್ಟಂ) ಮೊದಲು 9 ಅಂತ ಏನೂ ಒತ್ತದೆ ನೇರವಾಗಿ 911 ಹೋಗಬೇಕು. ಹೋದ ಕೂಡಲೇ ಕಟ್ಟಡದವರಲ್ಲಿ ಯಾರಿಗಾದರೂ ಸುದ್ದಿ ಹೋಗಬೇಕು.

ಇನ್ನೊಂದು, ಅದೇ ವರ್ಷ ಮಾರ್ಚ್‌ನಲ್ಲಿ ಬಂದ ರೇ ಬಾಮ್ ಕಾನೂನಿನ 506ನೇ ಸೆಕ್ಷನ್. ಅದರ ಪ್ರಕಾರ 911ನವರಿಗೆ ಬರೀ ಬೀದಿ ವಿಳಾಸ ಸಾಲದು. ಮಹಡಿ, ರೂಮು, ಯಾವ ಕಡೆ ಅಂತ ಆಂಬುಲೆನ್ಸ್‌ನವರು ಹುಡುಕಾಡದೆ ತಲುಪುವಷ್ಟು ವಿವರ ಹೋಗಬೇಕು. ಗೋಡೆಗೋ ಮೇಜಿಗೋ ಕೂತಿರುವ ಫೋನ್‌ಗೆ 2021ರ ಜನವರಿ 6ರಿಂದ, ಲ್ಯಾಪ್‌ಟಾಪ್‌ನಲ್ಲಿ ಓಡಾಡುವ ಸಾಫ್ಟ್‌ಫೋನ್ ತರಹದ್ದಕ್ಕೆ 2022ರ ಜನವರಿ 6ರಿಂದ ಇದು ಜಾರಿಯಲ್ಲಿದೆ.

ನೀವು ಹಾಕಿಸುತ್ತಿರುವುದು ಹೊಸ ಸಿಸ್ಟಂ. ಹಾಗಾಗಿ ಎರಡೂ ಅನ್ವಯ. ಹಳೆಯದನ್ನೇ ತೇಪೆ ಹಾಕಿ ಇಟ್ಟುಕೊಂಡಿದ್ದರೆ ಫೆಡರಲ್ ಕಾನೂನಿನಿಂದ ತಪ್ಪಿಸಿಕೊಳ್ಳಬಹುದಿತ್ತು, ರಾಜ್ಯದ್ದರಿಂದ ಅಲ್ಲ. ಲಾಭಕ್ಕಲ್ಲದ ಸಂಸ್ಥೆ ಅನ್ನುವ ವಾದ ನಿಲ್ಲುವುದಿಲ್ಲ. ಸರ್ಕಾರಿ ಕಚೇರಿ, ಲಾಭವಿಲ್ಲದ ಸಂಸ್ಥೆ, ಕಂಪನಿ ಮೂರೂ ಸೇರಿವೆ ಅಂತ ಕಾನೂನಿನ ವ್ಯಾಖ್ಯೆಯಲ್ಲೇ ಬರೆದಿದೆ.

ಮಿಡ್‌ವೆಸ್ಟ್ ಮಂಡ್ಯ:
ನಿಮ್ಮ 40,000ಕ್ಕೆ ಹೋಲಿಸಿದರೆ ನಮ್ಮ ಮಿಶಿಗನ್ನಿನವರು ಜಿಪುಣರು, 7,000 ಚದರಡಿ ದಾಟಿದರೆ ಕಟ್ಟಡದ ಒಳಗೆ ಎಲ್ಲಿ ಅಂತ ಹೇಳಬೇಕು. ಎರಡು ಊರಲ್ಲಿ ಆಫೀಸ್ ಇರುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ, ಪ್ರತಿ ರಾಜ್ಯಕ್ಕೂ ಒಂದೊಂದು ಎಕ್ಸೆಲ್ ಶೀಟು. ಕೊನೆಗೆ ಸಾಕಾಗಿ ಎಲ್ಲ ಕಡೆ ರೂಮ್ ನಂಬರ್‌ವರೆಗೂ ಹಾಕಿಬಿಟ್ಟೆವು. ಯಾವ ರಾಜ್ಯದವರೂ ಕೇಳುವ ಹಾಗಿಲ್ಲ.

ಡಲ್ಲಾಸ್ ದೋಸೆ:
ಬೆಣ್ಣೆಯವರೇ, ಯಾರು ಒತ್ತುತ್ತಾರೆ ಅಂತ ಕೇಳಿದಿರಲ್ಲ. ಒಂಬತ್ತು ವರ್ಷದ ಮಗು ಒತ್ತಿತ್ತು.

2013ರ ಡಿಸೆಂಬರ್ 1. ಟೆಕ್ಸಸ್‌ನ ಮಾರ್ಶಲ್ ಅನ್ನುವ ಊರಿನ ಒಂದು ಹೋಟೆಲ್. ಕ್ಯಾರಿ ಹಂಟ್ ಅನ್ನುವ ಹೆಣ್ಣುಮಗಳ ಮೇಲೆ ದೂರವಾಗಿದ್ದ ಗಂಡ ಚಾಕುವಿನಿಂದ ಹಲ್ಲೆ ಮಾಡಿದ. ಮಗಳು ಅದೇ ರೂಮಿನಲ್ಲಿದ್ದಳು. ರೂಮಿನ ಫೋನ್ ಎತ್ತಿ 911 ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ನಾಲ್ಕು ಸಲ. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು ಅನ್ನುವುದು ಆ ಮಗುವಿಗೆ ಹೇಗೆ ಗೊತ್ತಿರಬೇಕು? ದೊಡ್ಡವರು ಹೇಳಿಕೊಟ್ಟ ಹಾಗೇ ಮಾಡಿದ್ದಳು. ಕ್ಯಾರಿ ಉಳಿಯಲಿಲ್ಲ.

ಆಮೇಲೆ ಅವಳ ತಂದೆ ಹ್ಯಾಂಕ್ ಹಂಟ್ ಊರೂರು ಸುತ್ತಿ, ಅರ್ಜಿ ಹಾಕಿ, ಶಾಸಕರ ಬಾಗಿಲು ತಟ್ಟಿದರು. 2015ರಲ್ಲಿ ನಮ್ಮ ಟೆಕ್ಸಸ್‌ನಲ್ಲಿ ಕಾನೂನು ಬಂತು, 2018ರಲ್ಲಿ ಇಡೀ ದೇಶಕ್ಕೆ. ರಾಜ್ಯ ಮೊದಲು ಎದ್ದಿತು, ವಾಷಿಂಗ್ಟನ್ ಹಿಂದಿನಿಂದ ಬಂತು.

ಟೆಕ್ಸಸ್ ಕಾನೂನಿನಲ್ಲಿ ಒಂದು ವಿಷಯ ನನಗೆ ಹಿಡಿಸಿತು. ಹಳೇ ಸಿಸ್ಟಂ ಬದಲಾಯಿಸಲು ತುಂಬಾ ಖರ್ಚು ಅಂತ ವಿನಾಯಿತಿ ಕೇಳಬಹುದು. ಆದರೆ ಅದರ ಮಾಡೆಲ್ ನಂಬರ್ ಬರೆದು ಅಫಿಡವಿಟ್ ಕೊಡಬೇಕು. ಜೊತೆಗೆ 911ಕ್ಕೆ ಹೇಗೆ ಡಯಲ್ ಮಾಡಬೇಕು ಅಂತ ಫೋನ್ ಪಕ್ಕದಲ್ಲೇ ಸ್ಟಿಕ್ಕರ್ ಅಂಟಿಸಬೇಕು.

ದಾವಣಗೆರೆ ಬೆಣ್ಣೆ:
ಆ ಘಟನೆ ಕೇಳಿ ಬೇಜಾರಾಯಿತು ದೋಸೆಯವರೇ. 9 ಒತ್ತುವುದನ್ನು ತೆಗೆಯಲಿ, ಅದಕ್ಕೆ ನನ್ನ ತಕರಾರಿಲ್ಲ, ಅದೇನು ಒಂದು ಸೆಟ್ಟಿಂಗ್ ಬದಲಾಯಿಸುವ ಕೆಲಸ. ನಾನು ಕೇಳುತ್ತಿರುವುದು ಪ್ರತಿ ತಿಂಗಳ ಲೊಕೇಶನ್ ದುಡ್ಡಿನ ಬಗ್ಗೆ. ಒಂದು ದೇವಸ್ಥಾನ, ಒಂದು ವಿಳಾಸ. ಆಂಬುಲೆನ್ಸ್ ಬಂದರೆ ಬಾಗಿಲಲ್ಲಿ ನೂರು ಜನ ಇರುತ್ತಾರೆ, ಅಲ್ಲಿ ಹೋಗಿ ಅಂತ ತೋರಿಸುತ್ತಾರೆ.

ಕಾಫಿ ತೋಟ:
ಶನಿವಾರ ನೂರು ಜನ ಸರಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ?

ಹಳೇ ತಂತಿ:
ಕಾಫಿ ತೋಟದವರು ಸರಿಯಾಗಿ ಹಿಡಿದರು. ವಾರದ ದಿನ ಅಡುಗೆಮನೆಯಲ್ಲಿ ಒಬ್ಬರೇ ಪ್ರಸಾದ ಮಾಡುತ್ತಿರುತ್ತಾರೆ ಅಂದುಕೊಳ್ಳಿ. ಬೇಸ್‌ಮೆಂಟ್, ಸುತ್ತಲೂ ಕಾಂಕ್ರೀಟು, ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಎದೆ ಹಿಡಿದುಕೊಂಡು ಗೋಡೆಯ ಫೋನಲ್ಲಿ 911 ಒತ್ತಿದರು, ಮಾತು ಹೊರಡಲಿಲ್ಲ. 911 ಕರೆ ಎತ್ತುವ ಡಿಸ್ಪ್ಯಾಚರ್ ಪರದೆಯಲ್ಲಿ ಬರೀ ಬೀದಿ ವಿಳಾಸ ಇದ್ದರೆ ಮೆಡಿಕ್‌ಗಳು ಮೇಲೆ ಗರ್ಭಗುಡಿ ನೋಡಿ, ಆಫೀಸು ನೋಡಿ, ಅರ್ಚಕರ ಮನೆಯ ಬಾಗಿಲು ಬಡಿದು ಕೊನೆಗೆ ಕೆಳಗೆ ಬರುತ್ತಾರೆ. "ಬೇಸ್‌ಮೆಂಟ್ ಕಿಚನ್, ಹಿಂದಿನ ಬಾಗಿಲು" ಅಂತ ಇದ್ದರೆ ನೇರ ಅಲ್ಲಿಗೇ.

ಮೊಬೈಲ್‌ಗೂ ಈಗ ಎತ್ತರ ಹೇಳುವ ನಿಯಮ ಇದೆ. ಪ್ಲಸ್ಸೋ ಮೈನಸ್ಸೋ 3 ಮೀಟರ್ ಒಳಗೆ, ಅದೂ 80% ಕರೆಗಳಲ್ಲಿ. ಅಂದರೆ ಒಂದು ಮಹಡಿಯಷ್ಟು ಆಚೀಚೆ ಆಗಬಹುದು. ಡಿಸ್ಪ್ಯಾಚರ್‌ಗೆ ಹೋಗುವುದು ಎತ್ತರದ ಅಂಕಿ, ಅದು ಯಾವ ಮಹಡಿ ಅಂತ ಲೆಕ್ಕ ಹಾಕುವ ಕೆಲಸ ಅವರದ್ದು.

ಮೈಸೂರು ಮಲ್ಲಿಗೆ ಹೂವು:
ಎಲ್ಲರ ಹತ್ತಿರ ಮೊಬೈಲ್ ಇದೆ ಅನ್ನುವವರು ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಮರೆಯುತ್ತಾರೆ. ನಮ್ಮ ಅತ್ತೆಯವರ ಫೋನಲ್ಲಿ ಊರಿನ ಸಿಮ್, ರೋಮಿಂಗ್ ಇಲ್ಲ, ಬರೀ ವೈಫೈ ಮತ್ತು ವಾಟ್ಸಾಪ್. ವಾಟ್ಸಾಪ್‌ನಲ್ಲಿ 911 ಹೋಗಲ್ಲ. ದೇವಸ್ಥಾನಕ್ಕೆ ಜಾಸ್ತಿ ಬರುವವರೂ ಅವರೇ ಅಲ್ವಾ?

ಇಆರ್ ಅಕ್ಕ:
ಮಲ್ಲಿಗೆ ಹೂವು, ಸಿಮ್ ಇಲ್ಲದ ಮೊಬೈಲ್‌ನಿಂದಲೂ ಇಲ್ಲಿ 911 ಒತ್ತಬಹುದು, ಟವರ್ ಸಿಕ್ಕಿದರೆ ಕರೆ ಹೋಗಲೇಬೇಕು ಅಂತ ನಿಯಮ ಇದೆ. ಆದರೆ ಮಧ್ಯೆ ಕಟ್ ಆದರೆ ಅವರು ವಾಪಸ್ ಕರೆ ಮಾಡಲು ಆಗುವುದಿಲ್ಲ. ಅದಕ್ಕೇ ಮನೆಯಲ್ಲೂ ದೇವಸ್ಥಾನದಲ್ಲೂ ಹಿರಿಯರಿಗೆ ಒಂದೇ ಜಾಗದಲ್ಲಿ ಇರುವ ಫೋನ್ ಇದ್ದರೆ ಒಳ್ಳೆಯದು.

ನಾನು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ನಮ್ಮ ಹಿರಿಯರು ಫೋನ್ ಮಾಡಿದರೆ ಮೊದಲು ಕಥೆ ಶುರು ಮಾಡುತ್ತಾರೆ, ಬೆಳಿಗ್ಗೆಯಿಂದ ಹೊಟ್ಟೆ ಸರಿ ಇರಲಿಲ್ಲ, ನಿನ್ನೆ ಮದುವೆ ಊಟ ಆಯ್ತು... ಹಾಗಲ್ಲ. ಮೊದಲು ವಿಳಾಸ. ಇಂಗ್ಲಿಷ್ ಬರದಿದ್ದರೆ "ಕನ್ನಡ" ಅಂತ ಮಾತ್ರ ಹೇಳಿ ಲೈನಲ್ಲೇ ಇರಲಿ. ಹೆಚ್ಚಿನ ಕಡೆ ಫೋನ್ ಮೂಲಕ ದುಭಾಷಿಯನ್ನು ಸೇರಿಸುತ್ತಾರೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ವಿಳಾಸ ತಾನಾಗೇ ಹೋಗಿದ್ದರೆ ಗಾಡಿ ಹೊರಟಿರುತ್ತದೆ. ಈ ಲೊಕೇಶನ್ ದುಡ್ಡು ಏತಕ್ಕೆ ಅಂದರೆ ಇದಕ್ಕೆ.

ಇನ್ನೊಂದು. ಫೋನಲ್ಲಿ ವೈಫೈ ಕಾಲಿಂಗ್ ಹಾಕಿಕೊಂಡಿರುವವರು ಸೆಟ್ಟಿಂಗ್ಸ್‌ಗೆ ಹೋಗಿ ಎಮರ್ಜೆನ್ಸಿ ವಿಳಾಸ ನೋಡಿ. ಎಷ್ಟೋ ಜನರದ್ದು ಇನ್ನೂ ಮೂರು ಮನೆ ಹಿಂದಿನ ವಿಳಾಸ!

ಜರ್ಸಿ ಜೋಳದರೊಟ್ಟಿ:
ಅಯ್ಯೋ, ಈಗಷ್ಟೇ ನೋಡಿದೆ. ನನ್ನದು ಎಡಿಸನ್‌ನ ಹಳೇ ಅಪಾರ್ಟ್‌ಮೆಂಟ್ ತೋರಿಸುತ್ತಿದೆ. ಥ್ಯಾಂಕ್ಸ್ ಅಕ್ಕ.

ಗಾಂಧಿಬಜಾರ್ ಗೆಳೆಯ:
ಕ್ಯಾರಿ ಕಾನೂನಿನ ವಿಷಯದಲ್ಲಿ ನಮ್ಮವರೊಬ್ಬರ ಕೈ ಇದೆ, ಯಾರೂ ಹೇಳಲೇ ಇಲ್ಲ. ಅಜಿತ್ ಪೈ. 2014ರ ಜನವರಿಯಲ್ಲಿ, ಆಗ ಎಫ್‌ಸಿಸಿಯಲ್ಲಿ (ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಕಮಿಷನರ್ ಆಗಿದ್ದರು, ದೊಡ್ಡ ದೊಡ್ಡ ಹೋಟೆಲ್ ಚೈನ್‌ಗಳ ಮುಖ್ಯಸ್ಥರಿಗೆ ಪತ್ರ ಬರೆದು ನಿಮ್ಮ ರೂಮಿನಿಂದ 911 ಒತ್ತಿದರೆ ಏನಾಗುತ್ತದೆ ಅಂತ ಕೇಳಿದರು. ಆಗಿನ್ನೂ ಕಾನೂನೇ ಇರಲಿಲ್ಲ. ತಾಯಿ ಬೆಂಗಳೂರಲ್ಲಿ ಬೆಳೆದವರು.

ಜರ್ಸಿ ಜೋಳದರೊಟ್ಟಿ:
ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ ಕೊಡುವ ಕಂಪನಿ ಎಲ್ಲ ಸೈಟನ್ನೂ ಒಂದೇ ಥರ ನೋಡಬೇಕು ಅನ್ನುವ ನಿಯಮ) ತೆಗೆದವರೂ ಅವರೇ ಅಲ್ವಾ 😀 ಆಗ ಯಾರೂ ನಮ್ಮವರು ಅನ್ನಲಿಲ್ಲ.

ಗಾಂಧಿಬಜಾರ್ ಗೆಳೆಯ:
ಅದು ಬೇರೆ ವಿಷಯ ಗುರು. ಅದಕ್ಕೆ ನಾನೂ ಬೈದಿದ್ದೆ. ಒಳ್ಳೆಯದು ಮಾಡಿದಾಗ ಒಳ್ಳೆಯದು ಅನ್ನಬೇಕು.

ಡಲ್ಲಾಸ್ ದೋಸೆ:
ಕಾನೂನು ಆಗಿದ್ದು ಹ್ಯಾಂಕ್ ಹಂಟ್ ಬಿಡದೆ ಹಿಡಿದಿದ್ದಕ್ಕೆ. ಉಳಿದವರು ಸಹಾಯ ಮಾಡಿದರು ಅನ್ನಿ, ಒಪ್ಪುತ್ತೇನೆ.

ಹಾಸನದ ಹುಡುಗ:
ಒಂದು ಸ್ವಾರಸ್ಯ. ಮೊಟ್ಟಮೊದಲ 911 ಕರೆ ಹೋಗಿದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಅನ್ನುವ ಸಣ್ಣ ಊರಲ್ಲಿ. ಸರಿಯಾಗಿ 50 ವರ್ಷದ ದಿನವೇ ಕ್ಯಾರಿ ಕಾನೂನಿಗೆ ಸಹಿ.

ಮಿಡ್‌ವೆಸ್ಟ್ ಮಂಡ್ಯ:
ನೇರ 911 ಬಂದಮೇಲೆ ನಮ್ಮಲ್ಲಿ ಬೇರೆ ತಲೆನೋವು ಶುರುವಾಯಿತು. ಆಫೀಸಿನ ಫೋನಲ್ಲಿ ಹೊರಗಿನ ಲೈನಿಗೆ 9. ಭಾರತಕ್ಕೆ 011, ಆಮೇಲೆ 91. ಅವಸರದಲ್ಲಿ ಆ ಸೊನ್ನೆ ಬಿಟ್ಟುಹೋದರೆ ಏನಾಗುತ್ತದೆ ನೋಡಿ: 9, 1, 1. ಬೆಂಗಳೂರು ಟೀಮಿಗೆ ಕರೆ ಮಾಡಲು ಹೋದ ನಮ್ಮ ಮ್ಯಾನೇಜರ್ ಪೊಲೀಸರನ್ನೇ ಕರೆಸಿದ. "ನೈನ್ ಒನ್ ಒನ್, ವಾಟ್ ಈಸ್ ಯುವರ್ ಎಮರ್ಜೆನ್ಸಿ" ಅಂದ ತಕ್ಷಣ ಹೆದರಿ ಫೋನ್ ಇಟ್ಟುಬಿಟ್ಟ. ಅವರು ವಾಪಸ್ ಮಾಡಿದಾಗ ಎತ್ತಲೂ ಇಲ್ಲ. ಹತ್ತು ನಿಮಿಷಕ್ಕೆ ರಿಸೆಪ್ಶನ್‌ನಲ್ಲಿ ಇಬ್ಬರು ಆಫೀಸರ್‌ಗಳು. ಮ್ಯಾನೇಜರ್ ಸಾಹೇಬರು ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಎಲ್ಲರೆದುರು ಕೈ ಎತ್ತಬೇಕಾಯಿತು.

ಇಆರ್ ಅಕ್ಕ:
ತಪ್ಪಿ ಹೋದರೆ ಯಾವತ್ತೂ ಫೋನ್ ಇಡಬೇಡಿ. ತಪ್ಪಾಗಿ ಒತ್ತಿದೆ, ಎಲ್ಲ ಸರಿ ಇದೆ ಅಂತ ಹೇಳಿ. ಅಷ್ಟೇ ಸಾಕು, ಯಾರೂ ಬೈಯಲ್ಲ.

ಹಳೇ ತಂತಿ:
ಮಂಡ್ಯದವರೇ, ಇದಕ್ಕೆ ಮದ್ದಿದೆ. ಹೊರಗಿನ ಲೈನಿನ 9 ತೆಗೆದು 8 ಮಾಡಿ. ಇಲ್ಲವೇ ಹೊಸ ಸಿಸ್ಟಂನಲ್ಲಿ ಆ ಅಂಕಿಯೇ ಬೇಡ, ಮೊಬೈಲ್ ಹಾಗೆ ನೇರ ಡಯಲ್ ಇಡಿ. ಇಡ್ಲಿಯವರೂ ಗಮನಿಸಿ, ನಿಮ್ಮಲ್ಲೂ ಊರಿಗೆ ಫೋನ್ ಮಾಡುವ ಅರ್ಚಕರು ಇರುತ್ತಾರೆ.

ಜರ್ಸಿ ಜೋಳದರೊಟ್ಟಿ:
ನನ್ನ ಸಿಟ್ಟು ಬೇರೆ. ನ್ಯೂಜರ್ಸಿಯಲ್ಲಿ ಪ್ರತಿ ಫೋನಿಗೂ ತಿಂಗಳಿಗೆ 90 ಸೆಂಟ್ 911 ಶುಲ್ಕ ಕಟ್ಟುತ್ತೇವೆ. ಅದನ್ನು 911ಕ್ಕೆ ಬಳಸದೆ ಬೇರೆ ಕಡೆ ತಿರುಗಿಸುತ್ತಾರೆ ಅಂತ ಎಫ್‌ಸಿಸಿ ವರದಿಯಲ್ಲಿ ನಮ್ಮ ರಾಜ್ಯ, ನ್ಯೂಯಾರ್ಕ್ ಎರಡೂ ಮತ್ತೆ ಮತ್ತೆ ಬಂದಿವೆ. ಜನ ಸಣ್ಣ ದೇವಸ್ಥಾನದ ಫೋನಿಗೆ ಕಾನೂನು ಪಾಲಿಸಬೇಕು, ಸರ್ಕಾರ ಮಾತ್ರ ಬೇಕಾದ ಹಾಗೆ ಮಾಡಬಹುದು.

ಡಲ್ಲಾಸ್ ದೋಸೆ:
ನಮ್ಮಲ್ಲಿ ಮೊಬೈಲಿಗೆ 50 ಸೆಂಟ್. ಇಡ್ಲಿಯವರ ಇಲಿನಾಯ್‌ನಲ್ಲಿ 2024ರಲ್ಲಿ ಒಂದೂವರೆ ಡಾಲರ್ ಇತ್ತು, ಶಿಕಾಗೋ ಊರೊಳಗೆ ಐದು ಡಾಲರ್!

ದಾವಣಗೆರೆ ಬೆಣ್ಣೆ:
ನೋಡಿ, ನಾನು ಹೇಳಿದ್ದೂ ಅದೇ. ದುಡ್ಡು.

ಕಾಫಿ ತೋಟ:
ಬೆಣ್ಣೆ, ನೀವು ಹೇಳಿದ್ದು ವೆಂಡರ್ ದುಡ್ಡು. ಇದು ಸರ್ಕಾರದ ದುಡ್ಡು. ಬೆರೆಸಬೇಡಿ.

ಜಯನಗರ ನಾಲ್ಕನೇ ಬ್ಲಾಕ್:
ನಾನು ಬೆಂಗಳೂರಿಂದ ಓದುತ್ತಿದ್ದೇನೆ. ನಿಮ್ಮ ಜಗಳ ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಇಂಟರ್‌ಕಾಮ್ ಹೊರಗೆ ಹೋಗುವುದೇ ಇಲ್ಲ, ಗೇಟಿನ ಸೆಕ್ಯೂರಿಟಿಯವರೆಗೆ ಮಾತ್ರ. ಆಫೀಸಿನಲ್ಲಿ ಹೊರಗಿನ ಲೈನಿಗೆ 0. ಅಲ್ಲಿಂದ 112 (ನಮ್ಮ ದೇಶದ ತುರ್ತು ಕರೆ ನಂಬರು) ನೇರ ಹೋಗುತ್ತಾ ಅಂತ ಯಾರಾದರೂ ಒತ್ತಿ ನೋಡಿದ್ದಾರಾ? ಅಡ್ಮಿನ್‌ಗೆ ಕೇಳಿದರೆ "ಮೊಬೈಲ್‌ನಿಂದ ಮಾಡಿ ಸರ್" ಅಂದ.

ಗಾಂಧಿಬಜಾರ್ ಗೆಳೆಯ:
ಆದರೂ ನಮ್ಮಲ್ಲಿ ಮೊಬೈಲ್ ಕಡೆ ಗಮನ ಕೊಟ್ಟರು. 2017ರಿಂದ ಮಾರುವ ಫೋನಿಗೆಲ್ಲ ಪ್ಯಾನಿಕ್ ಬಟನ್ ಕಡ್ಡಾಯ ಅಂತ ನಿಯಮ ಮಾಡಿದರು. ಸ್ಮಾರ್ಟ್‌ಫೋನಲ್ಲಿ ಪವರ್ ಬಟನ್ ಮೂರು ಸಲ, ಸಾದಾ ಫೋನಲ್ಲಿ 5 ಅಥವಾ 9 ಒತ್ತಿ ಹಿಡಿಯಬೇಕು. ಆಂಬುಲೆನ್ಸ್‌ಗೆ 108 ಅಂತೂ 2008ರ ರಾಜ್ಯೋತ್ಸವದ ದಿನದಿಂದ ಕರ್ನಾಟಕದಲ್ಲಿದೆ, ಹಳ್ಳಿಯ ಅಜ್ಜಿಗೂ ಬಾಯಿಪಾಠ. 112 ಇನ್ನೂ ಅಷ್ಟು ಬಾಯಿಗೆ ಬಂದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ನಮ್ಮ ಮನೆಯಲ್ಲಿ ಇನ್ನೂ 100 ಅಂತಲೇ ಹೇಳುವುದು.

ಇಲಿನಾಯ್ ಇಡ್ಲಿ:
ಎಲ್ಲರಿಗೂ ಧನ್ಯವಾದ. ಟ್ರೆಶರರ್‌ಗೆ ಈ ಚರ್ಚೆ ಕಳಿಸಿದೆ, ಮುಖ ಸಿಂಡರಿಸಿದರೂ ಒಪ್ಪಿದರು. ಇನ್ನು ಎರಡು ಪ್ರಶ್ನೆ. 911 ಒತ್ತಿದಾಗ ಸುದ್ದಿ ಯಾರಿಗೆ ಹೋಗಬೇಕು? ಆಫೀಸು ಸಂಜೆ ಮುಚ್ಚಿರುತ್ತದೆ. ಇಡೀ ಕಮಿಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡೋಣ ಅಂತ ಅಧ್ಯಕ್ಷರು. ಮತ್ತೆ, ಎಲ್ಲ ಸರಿ ಇದೆಯಾ ಅಂತ ನೋಡಲು ನಿಜವಾಗಿ 911ಕ್ಕೇ ಫೋನ್ ಮಾಡಬೇಕಾ?

ಕಾಫಿ ತೋಟ:
ವಾಟ್ಸಾಪ್ ಗ್ರೂಪಾ! ಗುಡ್ ಮಾರ್ನಿಂಗ್ ಮೆಸೇಜಿನ ಮಧ್ಯೆ ಯಾರಿಗೂ ಕಾಣಲ್ಲ. ಕಂಡರೆ ಐವತ್ತು ಜನ "ಏನಾಯ್ತು" ಅಂತ ಅಡುಗೆಮನೆಗೆ ಫೋನ್ ಮಾಡುತ್ತಾರೆ, 911ನವರು ವಾಪಸ್ ಮಾಡಿದರೆ ಲೈನ್ ಬಿಜಿ.

ಹಳೇ ತಂತಿ:
😂 ಅಧ್ಯಕ್ಷರಿಗೆ ಬೇಡ ಅನ್ನಿ. ಸುದ್ದಿ ನೋಡುವ ಅಥವಾ ಕೇಳುವ ಸಾಧ್ಯತೆ ಇರುವ ಕಡೆ ಹೋಗಬೇಕು ಅನ್ನುತ್ತದೆ ನಿಯಮ. ಅಲ್ಲಿ 24 ಗಂಟೆ ಯಾರಾದರೂ ಕೂತಿರಬೇಕು ಅಂತಿಲ್ಲ. ಕಟ್ಟಡದ ಹೊರಗಿರುವವರಿಗೆ ಹೋದರೂ ಸರಿ. ನಿಮಗೆ ನಾನು ಹೇಳುವುದು: ಆಫೀಸಿನ ಫೋನ್ ಪರದೆ, ಪಕ್ಕದಲ್ಲೇ ಇರುವ ಅರ್ಚಕರೊಬ್ಬರ ಮನೆ ಫೋನು, ಹತ್ತಿರ ಇರುವ ಇಬ್ಬರು ಮೂವರು ಸ್ವಯಂಸೇವಕರಿಗೆ ಎಸ್‌ಎಂಎಸ್. ಅದರಲ್ಲಿ 911 ಒತ್ತಿದ್ದಾರೆ ಅನ್ನುವುದು, ಯಾವ ಫೋನು, ಎಲ್ಲಿ, ವಾಪಸ್ ಕರೆ ಮಾಡುವ ನಂಬರು ಇರಲಿ. ಸುದ್ದಿ ಕಳಿಸುವ ನೆಪದಲ್ಲಿ 911 ಕರೆ ಒಂದು ಕ್ಷಣವೂ ತಡವಾಗಬಾರದು. ಕೆಲವರು ಮೊದಲು ರಿಸೆಪ್ಶನ್‌ಗೆ ಹೋಗಿ ಅಲ್ಲಿಂದ 911ಕ್ಕೆ ಹೋಗುವ ಹಾಗೆ ಮಾಡಿಸುತ್ತಾರೆ, ಅದು ತಪ್ಪು.

ಟೆಸ್ಟ್‌ಗೆ, ಎಷ್ಟೋ ಐಪಿ ಫೋನ್ ಕಂಪನಿಗಳಲ್ಲಿ 933 ಒತ್ತಿದರೆ ಆ ಫೋನಿಗೆ ದಾಖಲಾಗಿರುವ ವಿಳಾಸವನ್ನು ಯಂತ್ರವೇ ಓದಿ ಹೇಳುತ್ತದೆ. ಹದಿನಾಲ್ಕೂ ಫೋನಿಂದ ಒತ್ತಿ ಕೇಳಿ. ಅರ್ಚಕರ ಮನೆಯ ಫೋನು "ಮುಖ್ಯ ಕಟ್ಟಡ" ಅಂದರೆ ವೆಂಡರ್‌ಗೆ ದುಡ್ಡು ಕೊಡಬೇಡಿ, ಸರಿ ಮಾಡಿಸಿ. ನಿಜವಾದ 911 ಟೆಸ್ಟ್ ಬೇಕೆಂದರೆ ಮೊದಲು ನಿಮ್ಮ ಊರಿನ ಕೇಂದ್ರದ ತುರ್ತಲ್ಲದ ನಂಬರಿಗೆ ಫೋನ್ ಮಾಡಿ ಸಮಯ ಕೇಳಿ. ಸುಮ್ನೆ ಒತ್ತಬೇಡಿ.

ಆಮೇಲೆ ಫೋನ್ ಜಾಗ ಬದಲಾಯಿಸಿದರೆ ವಿಳಾಸವನ್ನೂ ಬದಲಾಯಿಸಬೇಕು ಅಂತ ಒಬ್ಬರ ಜವಾಬ್ದಾರಿಗೆ ಹಾಕಿ. ಹಬ್ಬಕ್ಕೆ ಆಫೀಸಿನ ಫೋನ್ ಕಿತ್ತು ಹಾಲ್‌ನಲ್ಲಿ ಕೌಂಟರ್ ಮಾಡುತ್ತೀರಿ, ಅದು ಆಮೇಲೆ ಅಲ್ಲೇ ಉಳಿಯುತ್ತದೆ.

ದಾವಣಗೆರೆ ಬೆಣ್ಣೆ:
ಪಾಲಿಸದಿದ್ದರೆ ದಂಡ ಎಷ್ಟು ಅಂತ ಯಾರೂ ಹೇಳಲಿಲ್ಲ.

ಹಳೇ ತಂತಿ:
ಕ್ಯಾರಿ ಕಾನೂನಿಗೆ 10,000 ಡಾಲರ್‌ವರೆಗೆ, ಮೇಲೆ ದಿನಕ್ಕೆ 500. ಸಿಸ್ಟಂ ಮಾರುವವರು, ಹಾಕುವವರು, ನಡೆಸುವವರು ಎಲ್ಲರ ಮೇಲೂ ಹೊಣೆ ಇದೆ. ವೆಂಡರ್ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಆಗಲ್ಲ. ಕೆಲಸ ಮುಗಿದ ಮೇಲೆ ಎರಡೂ ಕಾನೂನಿನ ಪ್ರಕಾರ ಮಾಡಿದ್ದೇವೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ದಾವಣಗೆರೆ ಬೆಣ್ಣೆ:
ಸರಿ ಬಿಡಿ. ಆದರೆ ತಿಂಗಳ ದುಡ್ಡಲ್ಲಿ ಚೌಕಾಸಿ ಮಾಡಿ. 14 ಫೋನಿಗೆ 14 ಲೊಕೇಶನ್ ಯಾಕೆ? ಊಟದ ಹಾಲಿನ ಎರಡು ಫೋನಿಗೆ ಒಂದೇ ಸಾಕಲ್ಲ.

ಹಳೇ ತಂತಿ:
ಈಗ ಬಂದಿರಿ ದಾರಿಗೆ 😀 ಒಂದೇ ರೂಮಿನದ್ದಾದರೆ ಒಂದೇ ಸಾಕು. ಐದಾರು ಗುರುತಿನಲ್ಲಿ ಮುಗಿಯುತ್ತದೆ, ಅಷ್ಟಕ್ಕೇ ರೇಟ್ ಕೇಳಿ.

ಹಾಸನದ ಹುಡುಗ:
ಒಂದು ಡೌಟು. ಬೇಸ್‌ಮೆಂಟಿಗೆ ಲಿಫ್ಟ್ ಇದೆಯಾ? ಲಿಫ್ಟ್ ಒಳಗಿನ ಎಮರ್ಜೆನ್ಸಿ ಫೋನು ಯಾವ ಲೈನಲ್ಲಿದೆ?

ಇಲಿನಾಯ್ ಇಡ್ಲಿ:
ಲಿಫ್ಟ್ ಇದೆ, ವೀಲ್‌ಚೇರಿನವರಿಗೆ ಅಂತ ಹಾಕಿಸಿದ್ದು. ಫೋನ್ ಹಳೇ ಪಿಬಿಎಕ್ಸ್‌ನಿಂದಲೇ ಬರುತ್ತಿದೆ ಅನಿಸುತ್ತದೆ. ಕೊಟೇಶನ್‌ನಲ್ಲಿ ಅದರ ಹೆಸರೇ ಇಲ್ಲ.

ಹಳೇ ತಂತಿ:
ಹಾಗಾದರೆ ಹಳೇ ಪಿಬಿಎಕ್ಸ್ ಕಿತ್ತ ದಿನ ಲಿಫ್ಟ್ ಫೋನ್ ಸತ್ತಂತೆ. ವೆಂಡರ್‌ಗೆ ಇವತ್ತೇ ಫೋನ್ ಮಾಡಿ. ಕರೆಂಟ್ ಹೋದರೂ ಅದು ನಡೆಯಬೇಕು, ಅದಕ್ಕೆ ಬ್ಯಾಟರಿ ಇರುವ ಸೆಲ್ಯುಲಾರ್ ಡಬ್ಬಿ ಸಿಗುತ್ತದೆ. ಲಿಫ್ಟ್ ಕಂಪನಿಯವರನ್ನೂ ಸೇರಿಸಿಕೊಳ್ಳಿ, ಇಬ್ಬರೂ ಅವನ ಕೆಲಸ ಅಂತ ಇನ್ನೊಬ್ಬರ ಕಡೆ ತೋರಿಸುತ್ತಾರೆ.

ಇಲಿನಾಯ್ ಇಡ್ಲಿ:
ಮಾಡಿದೆ. "ಅದು ಲಿಫ್ಟ್‌ನವರ ಕೆಲಸ ಸರ್" ಅಂದ.